ಕೇಳಿದರೆ ತಪ್ಪಿಲ್ಲ

ಈ ಸಲ ನಿಮ್ಮ ಪತ್ರಗಳು ಲಕೋಟೆಯಲ್ಲಿ ಬರಲಿಲ್ಲ. ಕೊರೊನಾ ಲಾಕ್‌ಡೌನ್‌ನಿಂದಾಗಿ ಪತ್ರಿಕೆಯ ಕಚೇರಿಗೆ ಬೀಗ ಹಾಕಿದೆ. ಅಲ್ಲಿ ಕೆಲಸ ಮಾಡುವ ಹುಡುಗಿ ಮನೆಯಿಂದಲೇ ಎಲ್ಲವನ್ನೂ ನನ್ನ ಮೊಬೈಲಿಗೆ ಕಳಿಸಿದಳು. ಕೆಲವು ಟೈಪ್ ಮಾಡಿದ್ದು. ಜಾಸ್ತಿ ಪತ್ರಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಫೋಟೊ ತೆಗೆದವು. ಒಂದರ ಅಂಚಿನಲ್ಲಿ ಯಾರದೋ ಹೆಬ್ಬೆರಳು ಕಾಣುತ್ತಿತ್ತು, ಉಗುರಿಗೆ ಅರಿಶಿನ ಹತ್ತಿತ್ತು. 2020ರ ಮಾರ್ಚ್ 25ರ ಯುಗಾದಿಯಿಂದ ಈ ಮೇ ತಿಂಗಳ ಎರಡನೇ ವಾರದವರೆಗೆ ನಲವತ್ತಕ್ಕೂ ಹೆಚ್ಚು ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಬಿಟ್ಟುಹೋದವರಿಗೆ ಒಬ್ಬೊಬ್ಬರಿಗೂ ಫೋನಿನಲ್ಲೇ ಉತ್ತರ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಹೇಳುತ್ತೇನೆ. ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉಪಕೇಂದ್ರಗಳಲ್ಲಿ 31 ವರ್ಷ ಆರೋಗ್ಯ ಸಹಾಯಕಿಯಾಗಿದ್ದೆ. ಹಳ್ಳಿಯವರ ಬಾಯಲ್ಲಿ ನರ್ಸಮ್ಮ. 2016ರಲ್ಲಿ ನಿವೃತ್ತಿಯಾಯಿತು. ಈಗ ತುಮಕೂರಿನಲ್ಲಿ ಅತ್ತೆಯವರ ಜೊತೆ ಇದ್ದೇನೆ. ಅವರಿಗೆ 86 ವರ್ಷ, ಬಿಪಿ ಇದೆ.

ಉಪಕೇಂದ್ರದಲ್ಲಿ ನಾನು ಕಲಿತದ್ದೊಂದಿದೆ. ತಲೆನೋವಿಗೆ ಮಾತ್ರೆ ಕೇಳಲು ಬಂದ ಹೆಂಗಸು ಮಾತ್ರೆ ಇಸಿದುಕೊಂಡು ಬಾಗಿಲವರೆಗೆ ಹೋಗುತ್ತಾಳೆ. ಅಲ್ಲಿ ನಿಂತು, ಸೆರಗು ಸರಿಮಾಡಿಕೊಳ್ಳುತ್ತಾ, ನಿಜವಾದ ಸಂಗತಿ ಹೇಳುತ್ತಾಳೆ. ನಿಮ್ಮ ಪತ್ರಗಳೂ ಹಾಗೇ ಇವೆ. ಹಾಗಾಗಿ ಕೊನೆಯ ಸಾಲನ್ನು ನಾನು ಎರಡು ಸಲ ಓದುತ್ತೇನೆ.

ಪ್ರಶ್ನೆ: ತರಕಾರಿ ತಂದರೆ ಮೂರು ಗಂಟೆ ಬಿಸಿಲಲ್ಲಿ ಇಡುತ್ತೇನೆ. ಆಮೇಲೆ ಸೋಪಿನ ನೀರಿನಲ್ಲಿ ತೊಳೆಯುತ್ತೇನೆ. ಹಾಲಿನ ಪ್ಯಾಕೆಟ್ಟನ್ನೂ ತೊಳೆಯುತ್ತೇನೆ. ನೋಟಿಗೆ ಇಸ್ತ್ರಿ ಹಾಕುತ್ತೇನೆ. ಕೈ ಬಿರುಕು ಬಿಟ್ಟು ಉರಿಯುತ್ತಿದೆ. ಇಷ್ಟು ಸಾಕಾ, ಇನ್ನೂ ಏನಾದರೂ ಮಾಡಬೇಕಾ? ರಾತ್ರಿ ನಿದ್ದೆ ಇಲ್ಲ.
(ಗೃಹಿಣಿ, ವಿಜಯನಗರ, ಬೆಂಗಳೂರು)

ಉತ್ತರ: ಸಾಕು ತಾಯಿ. ಬೇಕಾದ್ದಕ್ಕಿಂತ ಜಾಸ್ತಿಯೇ ಆಗಿದೆ.

ಸೋಪು ಕೈಗೆ, ತರಕಾರಿಗೆ ಅಲ್ಲ. ಟೊಮೆಟೊ, ಬೀನ್ಸ್, ಸೊಪ್ಪು ಸೋಪಿನ ಅಂಶ ಹೀರಿಕೊಳ್ಳುತ್ತವೆ, ಅದು ಹೊಟ್ಟೆಗೆ ಹೋಗುತ್ತದೆ. ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಸೊಪ್ಪನ್ನು ಹಿಂದೆ ಮಾಡುತ್ತಿದ್ದಂತೆ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಹಾಲಿನ ಪ್ಯಾಕೆಟ್ ತೊಳೆಯುವುದರಿಂದ ತೊಂದರೆ ಇಲ್ಲ. ನೋಟಿಗೆ ಇಸ್ತ್ರಿ ಬೇಡ, ಮುಟ್ಟಿದ ಮೇಲೆ ಕೈ ತೊಳೆದರೆ ಆಯಿತು. ಈ ಕಾಯಿಲೆ ಮುಖ್ಯವಾಗಿ ಬರುವುದು ಜನರ ಉಸಿರಿನಿಂದ, ಕೆಮ್ಮಿನಿಂದ. ಬದನೆಕಾಯಿಯನ್ನು ಉಜ್ಜುವ ಆ ಹೊತ್ತಿನಲ್ಲಿ ಮನೆಯ ಕಿಟಕಿಗಳನ್ನು ತೆರೆದು ಗಾಳಿ ಆಡಲು ಬಿಡಿ, ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕೈಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಹತ್ತಿ ಬಟ್ಟೆ ಸುತ್ತಿಕೊಂಡು ಮಲಗಿ. ನಾಲ್ಕೈದು ದಿನದಲ್ಲಿ ಬಿರುಕು ಕೂಡುತ್ತದೆ. ಚರ್ಮ ಒಡೆದು ರಕ್ತ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ನಿದ್ದೆಯ ವಿಷಯ. ನಿಮ್ಮ ಪತ್ರದ ಜೊತೆ ಬಂದ ಇನ್ನೊಂದು ಪುಟದಲ್ಲಿ ಆರೋಗ್ಯ ಇಲಾಖೆಯ ಮಧ್ಯಾಹ್ನದ ಬುಲೆಟಿನ್, ಸಂಜೆಯ ಬುಲೆಟಿನ್, ಎರಡನ್ನೂ ದಿನಾ ಬರೆದಿಟ್ಟಿದ್ದೀರಿ. ಪೇಷಂಟ್ ಅನ್ನುವುದಕ್ಕೆ ಪಿ ಅಂತ ಬರೆದು ಮುಂದೆ ಸಂಖ್ಯೆ. ನಾನೂ ಮೊದಲ ಎರಡು ವಾರ ಅದನ್ನೇ ಮಾಡಿದೆ. ಮಾರ್ಚ್ 27ರಂದು ನಮ್ಮ ಜಿಲ್ಲೆಯ ಮೊದಲ ಸಾವು ಆಯಿತು, ಶಿರಾದವರು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅವರ ಬಗ್ಗೆ ಬುಲೆಟಿನ್‌ನಲ್ಲಿದ್ದದ್ದು ಒಂದು ಸಂಖ್ಯೆ, ವಯಸ್ಸು, ಪ್ರಯಾಣದ ವಿವರ. ಶಿರಾದಲ್ಲಿ ಅವರಿಗೊಂದು ಮನೆ ಇತ್ತು, ಅಂದು ಅಲ್ಲಿ ಯಾರೋ ಊಟ ಬಿಟ್ಟು ಕೂತಿದ್ದರು. ಅದನ್ನೇ ಯೋಚಿಸುತ್ತಾ ಬೆಳಗಾಯಿತು. ಅವತ್ತಿನಿಂದ ಸಂಜೆ ಒಂದು ಸಲ ಮಾತ್ರ ಸುದ್ದಿ ನೋಡುತ್ತೇನೆ. ನೀವೂ ಹಾಗೆ ಮಾಡಿ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ ನಿಮ್ಹಾನ್ಸ್‌ನವರ ಸಹಾಯವಾಣಿಗೆ ಕರೆ ಮಾಡಿ, 080-46110007. ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ತಿಳಿಯಬೇಡಿ. ಈ ಭಯಕ್ಕೆಂದೇ ಅದನ್ನು ಶುರು ಮಾಡಿದ್ದಾರೆ.

ಪ್ರಶ್ನೆ: ಮನೆಕೆಲಸದವರು ಮಾರ್ಚ್ 23ರಿಂದ ಬಂದಿಲ್ಲ. ಅಪಾರ್ಟ್‌ಮೆಂಟಿನವರೇ ಒಳಗೆ ಬಿಡುವುದಿಲ್ಲ. ಮಾರ್ಚ್ ಸಂಬಳ ಪೂರ್ತಿ ಕೊಟ್ಟೆ. ಏಪ್ರಿಲ್ ತಿಂಗಳದ್ದೂ ಕೊಡಬೇಕಾ? ಪಾತ್ರೆ, ನೆಲ ಎಲ್ಲ ನಾನೇ ಮಾಡಿಕೊಂಡಿದ್ದೇನೆ. ನನ್ನ ಗಂಡನ ಸಂಬಳದಲ್ಲೂ ನೂರಕ್ಕೆ 20 ಕಡಿತವಾಗಿದೆ.
(ಓದುಗರು, ಬನಶಂಕರಿ, ಬೆಂಗಳೂರು)

ಉತ್ತರ: ಕೊಡಬೇಕು. ಪೂರ್ತಿ ಕೊಡಬೇಕು. ಮೇ ತಿಂಗಳದ್ದೂ ಕೊಡಬೇಕು.

ಅವರು ತಾವಾಗಿ ರಜೆ ಹಾಕಿಲ್ಲ. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಹೇಳಿದರು, ಹನ್ನೆರಡು ಗಂಟೆಗೆ ದೇಶ ನಿಂತಿತು. ನಾಲ್ಕು ಗಂಟೆ ಸಮಯ. ಅಷ್ಟರಲ್ಲಿ ನಾವು ಅಂಗಡಿಗೆ ಓಡಿ ಬೇಳೆ, ಎಣ್ಣೆ, ಬೆಲ್ಲ ತಂದೆವು. ತಿಂಗಳ ಕೊನೆಯಲ್ಲಿ ಕೈಯಲ್ಲಿ ದುಡ್ಡಿಲ್ಲದವರು ಯಾವ ಅಂಗಡಿಗೆ ಓಡಬೇಕು?

ನಮ್ಮ ಮನೆಗೆ ಬರುವ ಹೆಣ್ಣುಮಗಳು ಮೂರು ಮನೆ ಮಾಡುತ್ತಾಳೆ. ನನ್ನದು 2,200 ರೂಪಾಯಿ. ಗಂಡ ಸೆಂಟ್ರಿಂಗ್ ಕೆಲಸದವನು, ಕಟ್ಟಡಗಳೆಲ್ಲ ನಿಂತುಹೋದವು. ಉಳಿದ ಎರಡು ಮನೆಯವರು ಏಪ್ರಿಲ್‌ನಲ್ಲಿ ಕೊಡಲಿಲ್ಲ. ನಾನು ಕೊಡಬಾರದು ಅಂದುಕೊಂಡಿರಲಿಲ್ಲ, ಆದರೆ ಹೇಗೆ ತಲುಪಿಸುವುದು ಅಂತ ಒಂದು ವಾರ ಸುಮ್ಮನಿದ್ದೆ. ಅವಳು ಫೋನ್ ಮಾಡಿದಳು. ದುಡ್ಡಿನ ಮಾತೇ ಎತ್ತಲಿಲ್ಲ. "ಅಜ್ಜಿ ಹೇಗಿದ್ದಾರೆ ಅಮ್ಮ, ತುಳಸಿಗೆ ನೀರು ಹಾಕ್ತಿದ್ದೀರಾ?" ಅಂತ ಕೇಳಿದಳು. ಇಡುವ ಮುಂಚೆ, ಆ ವಾರ ಮಕ್ಕಳಿಗೆ ಹಾಲು ನಿಲ್ಲಿಸಿದ್ದನ್ನು ಹೇಳಿದಳು. ಆ ಒಂದು ವಾರದ ತಡಕ್ಕೆ ನನಗೆ ಈಗಲೂ ಸಂಕಟವಿದೆ. ಪಕ್ಕದ ಮನೆಯ ಹುಡುಗನಿಂದ ಅವಳ ಮಗನ ಮೊಬೈಲಿಗೆ ಅದೇ ಗಳಿಗೆಯಲ್ಲಿ ದುಡ್ಡು ಹಾಕಿಸಿದೆ.

ನಿಮ್ಮ ಮನೆಗೂ ಪೆಟ್ಟು ಬಿದ್ದಿದೆ, ನನಗೆ ಅರ್ಥವಾಗುತ್ತದೆ. ನಿಜವಾಗಿಯೂ ಆಗದಿದ್ದರೆ ನೀವೇ ಫೋನ್ ಮಾಡಿ, ನಮಗೂ ಕಡಿತವಾಗಿದೆ, ಇಷ್ಟು ಈಗ, ಉಳಿದದ್ದು ಇಂಥ ತಿಂಗಳು ಅಂತ ಬಿಡಿಸಿ ಹೇಳಿ. ಏನೂ ಹೇಳದೆ ಇರಬೇಡಿ. ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲದೆ ಕಾಯುವುದು ಹಸಿವಿನಷ್ಟೇ ಕೆಟ್ಟದ್ದು.

ಪ್ರಶ್ನೆ: ಮಾಸ್ಕ್‌ಗೆ ಅಂಗಡಿಯಲ್ಲಿ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಮನೆಯಲ್ಲಿ ಹೊಲಿದದ್ದು ಆಗುತ್ತದಾ?
(ಓದುಗರು, ಚನ್ನಪಟ್ಟಣ)

ಉತ್ತರ: ಆಗುತ್ತದೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯನ್ನು ಮೂರು ಪದರ ಮಾಡಿ ಹೊಲಿಯಿರಿ. ಹಳೆಯ ಪಂಚೆ ಒಳ್ಳೆಯದು. ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಬೇಕು. ದಿನಾ ಸೋಪಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಒಬ್ಬೊಬ್ಬರಿಗೆ ಎರಡೆರಡು ಇದ್ದರೆ ಅನುಕೂಲ. ಎರಡು ವರ್ಷದೊಳಗಿನ ಮಗುವಿಗೆ ಹಾಕಬೇಡಿ, ಉಸಿರು ಕಟ್ಟುತ್ತದೆ.

ಪ್ರಶ್ನೆ: ನನ್ನ ಗಂಡ ಆಟೊ ಓಡಿಸುತ್ತಾರೆ. ಮೈಸೂರು ಕೆಂಪು ವಲಯ, ಅಂದರೆ ಕಾಯಿಲೆ ಜಾಸ್ತಿ ಇರುವ ಜಿಲ್ಲೆ, ಆಟೊ ಓಡಿಸಲು ಇನ್ನೂ ಬಿಟ್ಟಿಲ್ಲ. ಆಟೊ ಸಾಲದ ಕಂತು ಕಟ್ಟಿ ಅಂತ ಫೈನಾನ್ಸ್‌ನವರು ದಿನಾ ಫೋನ್ ಮಾಡುತ್ತಾರೆ. ಮೂರು ತಿಂಗಳು ಕಟ್ಟಬೇಡಿ ಅಂತ ಟಿವಿಯಲ್ಲಿ ಹೇಳಿದ್ದರಲ್ಲಾ? 5,000 ರೂಪಾಯಿ ಕೊಡುತ್ತಾರಂತೆ, ಅದು ನಿಜವಾ? ಅವರು ಈಗ ಯಾರ ಜೊತೆಗೂ ಮಾತಾಡುತ್ತಿಲ್ಲ. ಆಟೊದಲ್ಲೇ ಹೋಗಿ ಕೂತಿರುತ್ತಾರೆ.
(ಓದುಗರು, ಮೈಸೂರು)

ಉತ್ತರ: ಎರಡೂ ನಿಜ. ಆದರೆ ಕಂತಿನ ವಿಷಯವನ್ನು ಟಿವಿಯಲ್ಲಿ ಅರ್ಧ ಹೇಳಿದ್ದಾರೆ.

ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಹೇಳಿದ್ದು ಇಷ್ಟು: ಮಾರ್ಚ್ 1ರಿಂದ ಮೇ 31ರವರೆಗಿನ ಕಂತುಗಳನ್ನು ಮುಂದಕ್ಕೆ ಹಾಕಲು ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಅವಕಾಶ ಇದೆ. ಅದು ಮನ್ನಾ ಅಲ್ಲ. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಒಂದು ಲೆಕ್ಕ ನೋಡಿ. ನಿಮ್ಮ ಸಾಲ ಇನ್ನು 1,20,000 ಉಳಿದಿದೆ, ಬಡ್ಡಿ ವರ್ಷಕ್ಕೆ ನೂರಕ್ಕೆ 14 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,400 ಬಡ್ಡಿ ಆಯಿತು. ಮೂರು ತಿಂಗಳಿಗೆ 4,200, ಅದರ ಮೇಲೆ ಸ್ವಲ್ಪ ಬಡ್ಡಿ. ಅಷ್ಟು ನಿಮ್ಮ ಸಾಲಕ್ಕೆ ಸೇರುತ್ತದೆ. ಆದರೂ ಈಗ ಕೈಯಲ್ಲಿ ಇರುವುದು ಅಕ್ಕಿ, ಔಷಧಿಗೆ ಮಾತ್ರ ಆಗುವಷ್ಟಿದ್ದರೆ ಮುಂದಕ್ಕೆ ಹಾಕಿಸಿಕೊಳ್ಳುವುದೇ ಸರಿ. ಕೈಸಾಲ ಮಾಡಿ ಕಂತು ಕಟ್ಟಬೇಡಿ. ಕೈಸಾಲದ ಬಡ್ಡಿ ಇದಕ್ಕಿಂತ ಎಷ್ಟೋ ಜಾಸ್ತಿ. ಆದರೆ ನೀವಾಗಿ ಕಟ್ಟುವುದು ನಿಲ್ಲಿಸಬೇಡಿ. ಕಂತು ಮುಂದಕ್ಕೆ ಹಾಕಿ ಅಂತ ಅವರಿಗೆ ಮೆಸೇಜಿನಲ್ಲೋ ಇಮೇಲಿನಲ್ಲೋ ಬರೆದು ಕೇಳಿ. ಅವರ ಉತ್ತರವನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಆದ ಮಾತಿಗೆ ಸಾಕ್ಷಿ ಇರುವುದಿಲ್ಲ.

5,000 ರೂಪಾಯಿಯ ಪರಿಹಾರವನ್ನು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 2020ರ ಮೇ 6ರಂದು ಹೇಳಿದರು. ಆಟೊ, ಟ್ಯಾಕ್ಸಿ ಓಡಿಸುವ 7,75,000 ಜನರಿಗೆ. ಕ್ಷೌರಿಕರಿಗೆ, ಬಟ್ಟೆ ಒಗೆಯುವವರಿಗೆ ಕೂಡ ಇದೆ. ಅರ್ಜಿ ಹಾಕುವುದು ಸೇವಾ ಸಿಂಧು ಜಾಲತಾಣದಲ್ಲಿ. ಡ್ರೈವಿಂಗ್ ಲೈಸೆನ್ಸ್, ಆಧಾರ್, ಗಾಡಿಯ ವಿವರ, ಬ್ಯಾಂಕ್ ಖಾತೆಯ ವಿವರ ಈಗಲೇ ಒಂದು ಕಡೆ ತೆಗೆದಿಡಿ. ಯಾರಾದರೂ ದುಡ್ಡು ಕೊಡಿ, ಮಾಡಿಸಿಕೊಡುತ್ತೇನೆ ಅಂದರೆ ಕೊಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಕೇಂದ್ರದ ಲೆಕ್ಕದಲ್ಲಿ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ ಹೆಚ್ಚಿಗೆ ಇದೆ. ನಿಮ್ಮ ಹೆಸರಿನಲ್ಲಿ ಜನಧನ್ ಖಾತೆ ಇದ್ದರೆ ಅದೇ ಮೂರು ತಿಂಗಳಿನ ಲೆಕ್ಕದಲ್ಲಿ ತಿಂಗಳಿಗೆ 500 ರೂಪಾಯಿ ಬಂದಿರಬೇಕು. ನೋಡಿಸಿ.

ಇನ್ನು ನಿಮ್ಮ ಗಂಡನ ಮಾತು. ದಿನಕ್ಕೆ ಹದಿನಾಲ್ಕು ಗಂಟೆ ಊರೆಲ್ಲ ಸುತ್ತಿ ದುಡಿದು ತಂದವರು. ಈಗ ಮನೆಯೊಳಗೆ ಕೂತು ನಿಮ್ಮ ಮುಖ ನೋಡಲು ಅವರಿಗೆ ಆಗುತ್ತಿಲ್ಲ. ಆಟೊದಲ್ಲಿ ಕೂತರೆ ತಾನು ಇನ್ನೂ ಡ್ರೈವರ್ ಅನ್ನಿಸುತ್ತದೆ. ಕೂತಿರಲಿ, ಎಬ್ಬಿಸಬೇಡಿ. ಸಂಜೆ ಎರಡು ಲೋಟ ಟೀ ತೆಗೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ನೀವೂ ಕೂತುಕೊಳ್ಳಿ. ಏನೂ ಕೇಳಬೇಡಿ. ಎರಡು ಮೂರು ದಿನವಾದರೆ ಅವರೇ ಬಾಯಿ ಬಿಡುತ್ತಾರೆ. ಬಿಡದೆ, ಊಟ ಬಿಟ್ಟು, ಸಾಯುವ ಮಾತೇನಾದರೂ ಆಡಿದರೆ ತಡಮಾಡಬೇಡಿ. ಆಗ ಒಬ್ಬರನ್ನೇ ಬಿಡಬಾರದು. ಮೇಲೆ ಬರೆದ ನಿಮ್ಹಾನ್ಸ್ ಸಂಖ್ಯೆಗೆ ನೀವೇ ಕರೆ ಮಾಡಿ.

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಇಂಗ್ಲಿಷ್ ಒಂದೇ ಪರೀಕ್ಷೆ ಉಳಿದಿದೆ. ಮಾರ್ಚ್ 23ಕ್ಕೆ ಇತ್ತು, ಹಿಂದಿನ ದಿನ ಮುಂದಕ್ಕೆ ಹಾಕಿದರು. ಪುಸ್ತಕ ತೆರೆದರೆ ಏನೂ ತಲೆಗೆ ಹತ್ತುತ್ತಿಲ್ಲ. ಹೇಗೆ ಓದಬೇಕು? ಮನೆಯಲ್ಲಿ ನನ್ನ ಮದುವೆ ಮಾತು ನಡೆದಿದೆ. ಈಗಾದರೆ ಖರ್ಚು ಕಡಿಮೆ ಅನ್ನುತ್ತಾರೆ. ನನಗೆ 18 ತುಂಬುವುದು ಆಗಸ್ಟಿಗೆ.
(ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ)

ಉತ್ತರ: ಮಗಳೇ, ತಲೆಗೆ ಹತ್ತದಿರುವುದಕ್ಕೆ ಇಂಗ್ಲಿಷ್ ಕಾರಣವಲ್ಲ.

ಮೊದಲು ಕಾನೂನು. 18 ತುಂಬದ ಹುಡುಗಿಯ ಮದುವೆ ಅಪರಾಧ. ಮೂರು ತಿಂಗಳು ಕಡಿಮೆ ಇದ್ದರೂ ಅಪರಾಧವೇ. ಮಾಡಿಸಿದವರಿಗೆ, ಮುಂದೆ ನಿಂತು ನಡೆಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. 18 ತುಂಬಿದ ಮೇಲೂ ನೀನು ಒಪ್ಪದೆ ಮದುವೆ ಇಲ್ಲ. 1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಯಾವ ಫೋನಿನಿಂದಲೂ ಮಾಡಬಹುದು. ಲಾಕ್‌ಡೌನ್‌ನಲ್ಲೂ ಅದು ಕೆಲಸ ಮಾಡುತ್ತಿದೆ. ಯಾರು ಕರೆ ಮಾಡಿದರು ಅಂತ ಅವರು ಮನೆಯವರಿಗೆ ಹೇಳುವುದಿಲ್ಲ.

ಆದರೆ ಅಲ್ಲಿಗೆ ಹೋಗುವ ಮುಂಚೆ ಒಂದು ದಾರಿ ನೋಡೋಣ. ಅಪ್ಪ ಯಾರ ಮಾತು ಕೇಳುತ್ತಾರೆ? ನಿಮ್ಮ ಕಾಲೇಜಿನ ಮೇಷ್ಟ್ರಾ, ಅಂಗನವಾಡಿ ಟೀಚರಾ, ಸೋದರಮಾವನಾ? ಅವರಲ್ಲಿ ಒಬ್ಬರಿಗೆ ಇವತ್ತೇ ತಿಳಿಸು. ಅಪ್ಪ ಅಮ್ಮ ಕೆಟ್ಟವರಲ್ಲ ಅಂತ ನೀನು ಪತ್ರದಲ್ಲಿ ಎರಡು ಸಲ ಬರೆದಿದ್ದೀಯ. ನನಗೂ ಹಾಗೇ ಅನ್ನಿಸುತ್ತದೆ. ಈ ಲಾಕ್‌ಡೌನ್‌ನಲ್ಲಿ ಮದುವೆಗೆ 50 ಜನ ಮೀರಬಾರದು ಅಂತ ಸರ್ಕಾರ ಹೇಳಿದ್ದರಿಂದ, ಸಾಲ ಮಾಡದೆ ಮಗಳ ಮದುವೆ ಮುಗಿಸಬಹುದು ಅಂತ ಅವರಿಗೆ ಕಂಡಿದೆ. ಊಟದ ಖರ್ಚು ಉಳಿಯಬಹುದು, ನಿನ್ನ ಓದು ಉಳಿಯುವುದಿಲ್ಲ. ಇದನ್ನು ದೊಡ್ಡವರೊಬ್ಬರು ಅವರಿಗೆ ಕೂರಿಸಿ ಹೇಳಬೇಕು. ನನ್ನ ಉಪಕೇಂದ್ರಕ್ಕೆ ಹದಿನಾರರ ಹುಡುಗಿಯರು ಹೆರಿಗೆಗೆ ಬಂದದ್ದು ನೋಡಿದ್ದೇನೆ. ಒಬ್ಬಳ ಮಗು ಉಳಿಯಲಿಲ್ಲ. ಅವಳು ನನ್ನ ಕೈ ಹಿಡಿದು ಕೇಳಿದ್ದು, "ಇನ್ನು ನಾನು ಶಾಲೆಗೆ ಹೋಗಬಹುದಾ ಅಕ್ಕ?" ಅಂತ. ಅವರು ಒಪ್ಪದಿದ್ದರೆ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡ. ಅಪ್ಪನ ಮೇಲೆ ದೂರು ಹೇಳಿದಂತಾಗುತ್ತದೆ ಅಂತ ಕೊರಗಬೇಡ. ಜೈಲಿಗೆ ಹೋಗುವ ಕೆಲಸದಿಂದ ಅವರನ್ನು ತಡೆದಂತಾಗುತ್ತದೆ.

ಇಂಗ್ಲಿಷ್‌ಗೆ ದಿನಾ ಬೆಳಗ್ಗೆ ಒಂದು ಗಂಟೆ ಸಾಕು. ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ನೋಡಿ ಬರೆ. ಬರೆಯುವ ಅಭ್ಯಾಸ ಬಿಟ್ಟುಹೋಗಬಾರದು. ಹೊಸ ದಿನಾಂಕ ಇನ್ನೂ ಬಂದಿಲ್ಲ. ಬಂದಾಗ ನೀನು ಹೋಗಿ ಬರೆಯಬೇಕು. ಹೇಗಾಯಿತು ಅಂತ ನನಗೆ ತಿಳಿಸು.

ಹೆಸರು, ಊರು ಹಾಕದೆ ಬರೆದ ಇಬ್ಬರಿಗೆ: ಗಂಡ ದಿನವಿಡೀ ಮನೆಯಲ್ಲಿದ್ದಾನೆ, ಕೈ ಮಾಡುತ್ತಾನೆ, ಈಗ ತವರಿಗೂ ಹೋಗುವಂತಿಲ್ಲ ಅಂತ ಬರೆದಿದ್ದೀರಿ. ನಿಮ್ಮದೇನೂ ತಪ್ಪಿಲ್ಲ. ಅವನಿಗೆ ಕೆಲಸ ಹೋಗಿರಬಹುದು, ಕುಡಿಯಲು ಸಿಗದೆ ಇದ್ದಿರಬಹುದು. ಹೊಡೆಯಲು ಅದು ಕಾರಣವಲ್ಲ. 181 ಮಹಿಳಾ ಸಹಾಯವಾಣಿ. ಜೀವಕ್ಕೆ ಅಪಾಯ ಅನ್ನಿಸಿದ ಗಳಿಗೆಯಲ್ಲಿ 112. ಮನೆ ಬಿಟ್ಟು ಹೊರಗೆ ಬಂದರೆ ಪೊಲೀಸರು ಹೊಡೆಯುತ್ತಾರೆ ಅಂತ ಹೆದರಬೇಡಿ, ಪ್ರಾಣ ಉಳಿಸಿಕೊಳ್ಳಲು ಬಂದವರಿಗೆ ಓಡಾಟದ ಪಾಸ್ ಬೇಕಿಲ್ಲ. ಮಾತಾಡಲು ಆಗದಿದ್ದರೆ ಪಕ್ಕದ ಮನೆಯವರ ಜೊತೆ ಒಂದು ಗುರುತು ಮಾಡಿಕೊಳ್ಳಿ. ಕಿಟಕಿಗೆ ಕೆಂಪು ಟವೆಲ್ ಹಾಕಿದರೆ ನನಗಾಗಿ ಫೋನ್ ಮಾಡಿ ಅಂತ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಪತ್ರಗಳನ್ನು ಒಂದು ಚೀಲದಲ್ಲಿ ಹಾಕಿ ಕೈಗೆ ಸಿಗುವಲ್ಲಿ ಇಡಿ. ಮತ್ತೆ ಬರೆಯಿರಿ. ಇಬ್ಬರೂ ಬರೆಯಿರಿ.

ಪ್ರಶ್ನೆ: ನಮ್ಮದು ಗದಗ. ಮದುವೆಯಾಗಿ ಪುಣೆಯಲ್ಲಿದ್ದೇನೆ. ಏಪ್ರಿಲ್ 18ಕ್ಕೆ ಅವ್ವ ತೀರಿಕೊಂಡಳು. ಹೋಗಲು ಆಗಲಿಲ್ಲ. ತಮ್ಮ ವಿಡಿಯೊ ಕಾಲ್ ಮಾಡಿ ತೋರಿಸಿದ. ಮನೆಯಿಂದ ಎತ್ತುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಅಳು ಬರಲಿಲ್ಲ. ಮರುದಿನ ಮಕ್ಕಳಿಗೆ ಚಪಾತಿ ಮಾಡಿದೆ. ಈಗ ಮೂರು ವಾರವಾಯಿತು. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದೂ ನೆನಪಿರುವುದಿಲ್ಲ. ನಾನು ಮಗಳಾಗಿ ತಪ್ಪಿದೆನಾ?
(ಓದುಗರು, ಪುಣೆ)

ಉತ್ತರ: ಇಲ್ಲ ತಂಗಿ, ತಪ್ಪಲಿಲ್ಲ.

ನನ್ನ ಅಕ್ಕ ಏಪ್ರಿಲ್ 11ರಂದು ಕಡೂರಿನಲ್ಲಿ ಹೋದಳು. ಹೃದಯದ ತೊಂದರೆ, ಈ ಕಾಯಿಲೆ ಅಲ್ಲ. ಬೆಳಗಿನ ಜಾವ ಭಾವನವರ ಫೋನು ಬಂತು. ತುಮಕೂರಿನಿಂದ ಕಡೂರು ದೂರವೇನಲ್ಲ. ತಿಪಟೂರು, ಅರಸೀಕೆರೆ ದಾಟಿದರೆ ಬಂದೇಬಿಟ್ಟಿತು. ಸಾವಿಗೆ ಪಾಸ್ ಕೊಡುತ್ತಿದ್ದರು. ಕಾರೂ ಸಿಗುತ್ತಿತ್ತು. ನಾನು ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತೆ. ಆಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ನಮ್ಮಲ್ಲಿ ಇತ್ತು. ನಾನೇ ಅದನ್ನು ಹೊತ್ತುಕೊಂಡು ಹೋದರೆ? ಅಥವಾ ಅಲ್ಲಿ ನಾಲ್ಕು ಜನರ ನಡುವೆ ನಿಂತು ಬಂದು, 86 ವರ್ಷದ ಅತ್ತೆಗೆ ಊಟ ಬಡಿಸಬೇಕಾದರೆ? ಅರ್ಧ ಗಂಟೆ ಹಾಗೇ ನಿಂತಿದ್ದೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದೆ. ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ನನ್ನ ನರ್ಸಿಂಗ್ ತರಬೇತಿಗೆ ತನ್ನ ಬಳೆ ಅಡವಿಟ್ಟವಳು.

ನನಗೂ ಅಳು ಬರಲಿಲ್ಲ. ಬೇಳೆ ಬೇಯಿಸಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ನಾಲ್ಕು ದಿನ ಹಾಗೇ ಹೋಯಿತು. ಐದನೇ ದಿನ ಊಟಕ್ಕೆ ಕೂತಾಗ ಉಪ್ಪಿನಕಾಯಿ ಜಾಡಿ ತೆಗೆದೆ. ಹೋದ ವರ್ಷ ಅವಳೇ ಹಾಕಿ ಕಳಿಸಿದ ಮಿಡಿ. ಜಾಡಿಯ ಬಾಯಿಗೆ ಅವಳು ಕಟ್ಟಿದ ಬಟ್ಟೆ ಹಾಗೇ ಇತ್ತು. ಅವಳ ಹಳೆಯ ರವಿಕೆಯ ತುಂಡು, ಹಸಿರು ಬಣ್ಣದ್ದು. ಆವತ್ತು ಅತ್ತೇನೇ ನನ್ನ ತಲೆ ಮಡಿಲಿಗೆ ಹಾಕಿಕೊಂಡರು. ಮಧ್ಯಾಹ್ನವೆಲ್ಲ ನಾನು ಅತ್ತುಬಿಟ್ಟೆ.

ಇದನ್ನು ಯಾಕೆ ಬರೆದೆ ಅಂದರೆ, ಅಳು ಬರದಿರುವುದು ಪ್ರೀತಿ ಇಲ್ಲದ್ದಕ್ಕಲ್ಲ. ಸಾವಿನ ಮನೆಯಲ್ಲಿ ನಮ್ಮ ಹಿರಿಯರು ಎಷ್ಟೊಂದು ಕೆಲಸ ಇಟ್ಟಿದ್ದರು ನೋಡಿ. ಒಬ್ಬರು ಬಂದು ಅಪ್ಪಿಕೊಳ್ಳುತ್ತಾರೆ, ಒಬ್ಬರು ಹಾಡಿ ಹೇಳಿ ಅಳುತ್ತಾರೆ, ಒಬ್ಬರು ಬುತ್ತಿ ತರುತ್ತಾರೆ. ಅದೆಲ್ಲ ನಡೆದರೆ ಹೋದವರು ಹೋದರು ಅಂತ ಮೈಗೆ ಗೊತ್ತಾಗುತ್ತದೆ. 20 ಜನ ಮೀರಬಾರದು ಅನ್ನುವ ನಿಯಮದಲ್ಲಿ ನಿಮ್ಮ ತಮ್ಮನಿಗೇ ಅದೆಲ್ಲ ಸಿಕ್ಕಿರಲಿಕ್ಕಿಲ್ಲ. ನಿಮಗಂತೂ ಸಿಕ್ಕಿದ್ದು ನಡುವೆ ನಿಂತುಹೋದ ಒಂದು ವಿಡಿಯೊ. ಮೈ ಅದನ್ನು ಇನ್ನೂ ನಂಬಿಲ್ಲ.

ಅವ್ವನ ಓರಗೆಯವರು ಯಾರಾದರೂ ಇದ್ದಾರಾ? ಪಕ್ಕದ ಮನೆಯವರು, ರೊಟ್ಟಿ ಬಡಿಯಲು ಜೊತೆಗೆ ಕೂರುತ್ತಿದ್ದವರು? ಅವರಿಗೆ ಫೋನ್ ಮಾಡಿ. ಕೊನೆಯ ದಿನಗಳಲ್ಲಿ ಅವ್ವ ಏನು ಉಣ್ಣುತ್ತಿದ್ದಳು, ಯಾವ ಸೀರೆ ಉಟ್ಟಿದ್ದಳು, ನಿಮ್ಮ ಬಗ್ಗೆ ಏನಾದರೂ ಆಡಿದಳಾ ಅಂತ ಕೇಳಿ. ಅವರೂ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ತಮ್ಮನ ಜೊತೆ ಮಾತಾಡುವಾಗ ನೆಟ್‌ವರ್ಕ್ ಹೋದ ಮೇಲೆ ಏನೇನಾಯಿತು ಅಂತ ಪೂರ್ತಿ ಹೇಳಿಸಿ. ಅವನಿಗೂ ಹೇಳಲು ಯಾರೂ ಇರಲಿಲ್ಲ. ಒಂದು ದಿನ ಅವ್ವನ ಕೈಯ ಅಡುಗೆ, ಅವಳು ಮಾಡುತ್ತಿದ್ದ ಶೇಂಗಾ ಚಟ್ನಿಯೋ ಬದನೆಕಾಯಿ ಎಣ್ಣೆಗಾಯಿಯೋ, ಮಾಡಿ ಮಕ್ಕಳಿಗೆ ಬಡಿಸಿ. ಇದು ನಿಮ್ಮ ಅಜ್ಜಿಯದು ಅಂತ ಹೇಳಿ ಬಡಿಸಿ. ಅವರ ಮುಂದೆ ಅಳು ಬಂದರೆ ಬರಲಿ, ಮಕ್ಕಳು ಹೆದರುವುದಿಲ್ಲ.

ದಾರಿ ತೆರೆದ ಮೇಲೆ ಗದಗಕ್ಕೆ ಹೋಗಿ. ತಿಂಗಳು ಕಳೆದಿದೆ, ಇನ್ನೇನು ಅಂತ ಯಾರು ಅಂದರೂ ಹೋಗಿ. ನಾನೂ ಕಡೂರಿಗೆ ಹೋಗುತ್ತೇನೆ. ಆ ಜಾಡಿಯನ್ನು ತೊಳೆದು ಇಟ್ಟಿದ್ದೇನೆ, ಭಾವನವರಿಗೆ ಕೊಡಬೇಕು.

ಪ್ರಶ್ನೆ: ನನಗೆ 74. ದಿನಾ ಸಂಜೆ ಪಾರ್ಕಿನ ಕಟ್ಟೆಯ ಮೇಲೆ ಆರು ಜನ ಸೇರುತ್ತಿದ್ದೆವು. 65 ಮೀರಿದವರು ಹೊರಗೆ ಬರಬಾರದು ಅನ್ನುತ್ತಾರೆ. ಮನೆಯಲ್ಲಿ ನಾನೊಬ್ಬನೇ. ಸುಮ್ನೆ ಕಟ್ಟೆವರೆಗೆ ಹೋಗಿ ಬಂದರೆ ಏನಾಗುತ್ತದೆ?
(ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ಈಗ ಬೇಡ ಸರ್. ಅದೇ ಹೊತ್ತಿಗೆ, ಸಂಜೆ ಐದೂವರೆಗೆ, ಆರೂ ಜನ ಒಟ್ಟಿಗೆ ಫೋನಿನಲ್ಲಿ ಸೇರಿ. ಹೇಗೆ ಅಂತ ಯಾರ ಮನೆಯ ಮೊಮ್ಮಗುವನ್ನು ಕೇಳಿದರೂ ಒಂದು ನಿಮಿಷದಲ್ಲಿ ತೋರಿಸುತ್ತದೆ. ಒಬ್ಬರು ಬರಲಿಲ್ಲ ಅಂದರೆ ಯಾಕೆ ಅಂತ ಉಳಿದ ಐದು ಜನ ಅವತ್ತೇ ವಿಚಾರಿಸಬೇಕು, ಇದನ್ನು ನಿಯಮ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿಯ ಮಾತ್ರೆ ಮುಗಿಯುವ ಹತ್ತು ದಿನ ಮುಂಚೆ ತರಿಸಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ 104ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಬೇರೆ ಊರಿಂದ ಬಂದವರ ಪಟ್ಟಿ ಮಾಡಬೇಕು, ಮನೆಯಲ್ಲೇ ಇರಬೇಕು ಅಂತ ಕೈಗೆ ಸೀಲ್ ಹಾಕಿದವರ ಮನೆಗೆ ದಿನಾ ಹೋಗಿ ಜ್ವರ ಇದೆಯಾ ಅಂತ ಕೇಳಬೇಕು. ಜನ ಬೈಯುತ್ತಾರೆ. ನೀನೇ ರೋಗ ತರುತ್ತೀಯ ಅನ್ನುತ್ತಾರೆ. ಪಕ್ಕದ ಮನೆಯವರು ನನ್ನ ಮಗಳನ್ನು ಆಟಕ್ಕೆ ಸೇರಿಸುವುದಿಲ್ಲ. ಅವಳಿಗೆ ಆರು ವರ್ಷ. ರಾತ್ರಿ ನನ್ನ ಪಕ್ಕ ಮಲಗುತ್ತೇನೆ ಅಂತ ಅಳುತ್ತಾಳೆ. ನಾನು ಒಂದು ತಿಂಗಳಿಂದ ಬೇರೆ ಮಲಗುತ್ತಿದ್ದೇನೆ. ಮಲಗಿಸಿಕೊಳ್ಳಬಹುದಾ?
(ಓದುಗರು, ಹಿರಿಯೂರು ತಾಲ್ಲೂಕು)

ಉತ್ತರ: 1995ರ ಡಿಸೆಂಬರಿನಲ್ಲಿ ಮೊದಲ ಸಲ ಪಲ್ಸ್ ಪೋಲಿಯೊ ಹನಿ ಹಾಕಿದೆವು. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೋದರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹನಿ ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹಬ್ಬಿಸಿದ್ದರು. ಒಂದು ಹಟ್ಟಿಯಲ್ಲಿ ನಾಯಿ ಬಿಟ್ಟರು. ನಾನು ಒಂದು ಜಗಲಿಯ ಮೇಲೆ ಕೂತು ಅತ್ತೆ. ಆ ಮನೆಯ ಅಜ್ಜಿ ಹೊರಗೆ ಬಂದು, "ಮೊದಲು ನೀರು ಕುಡಿ" ಅಂತ ಚೊಂಬು ಇಟ್ಟಳು. ನಾನು ಕುಡಿಯುವುದನ್ನೇ ನೋಡುತ್ತಿದ್ದು, ಒಳಗಿನಿಂದ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಅವಳು ತಂದದ್ದು ನೋಡಿ ಹಟ್ಟಿಯವರೆಲ್ಲ ತಂದರು. ನಿಮ್ಮ ಊರಿನಲ್ಲೂ ಅಂಥ ಒಬ್ಬರು ಇರುತ್ತಾರೆ. ಮೊದಲು ಆ ಮನೆಗೆ ಹೋಗಿ, ನಿಮ್ಮ ಕೆಲಸ ಏನು ಅಂತ ಅವರಿಗೆ ಬಿಡಿಸಿ ಹೇಳಿ. ಅವರ ಜಗಲಿಯಿಂದ ಶುರು ಮಾಡಿದರೆ ಮುಂದಿನ ಮನೆಗಳು ಸುಲಭ. ಯಾರಾದರೂ ಮೈಮೇಲೆ ಬಂದರೆ ಸಹಿಸಿಕೊಂಡು ಬರಬೇಡಿ. ಅವತ್ತೇ ವೈದ್ಯಾಧಿಕಾರಿಗೆ, ಪೊಲೀಸರಿಗೆ ತಿಳಿಸಿ. ಆರೋಗ್ಯ ಕೆಲಸದವರ ಮೇಲೆ ಕೈ ಮಾಡಿದರೆ ಜಾಮೀನು ಇಲ್ಲ ಅಂತ 2020ರ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿದೆ. ಆರೋಗ್ಯ ಕೆಲಸದವರಿಗೆ ಅದೇ ವರ್ಷ ಕೇಂದ್ರ ಮಾಡಿದ 50 ಲಕ್ಷದ ವಿಮೆಯಲ್ಲಿ ಆಶಾ ಕಾರ್ಯಕರ್ತೆಯರೂ ಸೇರಿದ್ದಾರೆ, ನಿಮ್ಮ ಮನೆಯವರಿಗೂ ಇದು ಗೊತ್ತಿರಲಿ.

ಮಗಳ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ನೀವು ಮನೆಯೊಳಗೆ ಹೋಗದೆ, ಬಾಗಿಲ ಹೊರಗೆ ಎರಡು ಮಾರು ದೂರ ನಿಂತು, ಮಾಸ್ಕ್ ಹಾಕಿಕೊಂಡು, ಐದು ನಿಮಿಷದಲ್ಲಿ ಮುಗಿಸುತ್ತಿದ್ದರೆ ಅಪಾಯ ಕಡಿಮೆ. ಮನೆಗೆ ಬರುವಾಗ ಹಿತ್ತಲ ಕಡೆಯಿಂದ ಬನ್ನಿ. ಅಲ್ಲಿ ಒಂದು ಬಕೆಟ್ ಸೋಪಿನ ನೀರು ಇಡಲು ಯಜಮಾನರಿಗೆ ಹೇಳಿ. ಗುಲಾಬಿ ಸೀರೆಯನ್ನು ಅದರಲ್ಲೇ ನೆನೆಹಾಕಿ, ತಲೆಗೆ ಸ್ನಾನ ಮಾಡಿ ಒಳಗೆ ಬನ್ನಿ. ನಿಮಗೆ ಜ್ವರ, ಕೆಮ್ಮು, ಗಂಟಲು ನೋವು ಇಲ್ಲದಿದ್ದರೆ, ನೀವು ನೋಡಿಕೊಳ್ಳುವ ಯಾರಿಗೂ ಕಾಯಿಲೆ ಖಚಿತವಾಗಿಲ್ಲದಿದ್ದರೆ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಿ. ಹಾಗೇನಾದರೂ ಖಚಿತವಾದರೆ ಅವತ್ತಿನಿಂದ ಬೇರೆ ಮಲಗಿ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಆರು ವರ್ಷದ ಮಗುವನ್ನು ದೂರ ಇಡಬೇಡಿ.

ನಿಮ್ಮ ಸಂಖ್ಯೆಯನ್ನು ಕಚೇರಿಯ ಹುಡುಗಿಯಿಂದ ತೆಗೆದುಕೊಂಡಿದ್ದೇನೆ. ಭಾನುವಾರ ಸಂಜೆ ನಾಲ್ಕಕ್ಕೆ ಫೋನ್ ಮಾಡುತ್ತೇನೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವಳ ಜೊತೆಗೂ ಮಾತಾಡಬೇಕು.